ಪ್ಯಾಡ್‌ಗಳ ಮೇಲೆ ಕವಿದಿದ್ದ ಮಸುಕು: ಜಲವಿದ್ಯುತ್ ಘಟಕವೊಂದರ ಥ್ರಸ್ಟ್ ಬೇರಿಂಗ್ ದುರಸ್ತಿಯ ದಾಖಲೆ

ಮಲೆನಾಡಿನ ಒಂದು ಕಿರು ಜಲವಿದ್ಯುತ್ ಕೇಂದ್ರದಲ್ಲಿ ಯಂತ್ರಗಳ ನಿರ್ವಹಣೆಯ ಹೊಣೆ ನನ್ನದು. ಅಲ್ಲಿ ತಲಾ 6 ಮೆಗಾವ್ಯಾಟ್ ಸಾಮರ್ಥ್ಯದ ಎರಡು ಲಂಬ ಶಾಫ್ಟ್ ಘಟಕಗಳಿವೆ. ಒಂದನೆಯ ಘಟಕದ ಥ್ರಸ್ಟ್ ಬೇರಿಂಗ್, ಅಂದರೆ ತಿರುಗುವ ಭಾಗಗಳ ಭಾರ ಹೊರುವ ಬೇರಿಂಗ್, ಮೂರು ವರ್ಷದೊಳಗೆ ಎರಡು ಸಲ ಕೆಟ್ಟಿತು. ಮೊದಲ ಸಲ, ಆ ಭಾರ ಕೂರುವ ಲೋಹದ ಬಿಲ್ಲೆಗಳಾದ ಪ್ಯಾಡ್‌ಗಳನ್ನು ಹೆರೆದು, ಎಣ್ಣೆ ಬದಲಿಸಿ, ಯಂತ್ರವನ್ನು ಮತ್ತೆ ಓಡಿಸಿದೆವು. ಎರಡನೆಯ ಸಲ ಹಾಗೆ ಮಾಡಬಾರದೆಂದು ನಿರ್ಧರಿಸಿ, ಕಾರಣ ಕೈಗೆ ಸಿಗುವವರೆಗೂ ಒಂದು ಪ್ಯಾಡನ್ನೂ ಒರೆಸಬಾರದು ಎಂದು ನಮ್ಮವರಿಗೆಲ್ಲ ಹೇಳಿಬಿಟ್ಟೆ. ಆ ಕೆಲಸದ ವಿವರ ಇಲ್ಲಿದೆ. ಇಂಥದೇ ಬೇರಿಂಗನ್ನು ನೋಡಿಕೊಳ್ಳುವವರು ನಮ್ಮ ರಾಜ್ಯದ ಹೊಳೆಸಾಲುಗಳಲ್ಲಿ ಬಹಳ ಮಂದಿ ಇದ್ದಾರೆ. ನಾವು ಕಳೆದುಕೊಂಡ ದಿನಗಳನ್ನು ಅವರು ಕಳೆದುಕೊಳ್ಳಬೇಕಾಗಿಲ್ಲ.

ಲಂಬ ಜನರೇಟರಿನಲ್ಲಿ ತಿರುಗುವ ಭಾಗಗಳ ಭಾರವೆಲ್ಲ ಒಂದೇ ಬೇರಿಂಗಿನ ಮೇಲೆ ಬೀಳುತ್ತದೆ. ನಮ್ಮಲ್ಲಿ ರೋಟರ್ (ಜನರೇಟರಿನ ತಿರುಗುವ ಭಾಗ), ಶಾಫ್ಟ್ ಮತ್ತು ಟರ್ಬೈನಿನ ರನ್ನರ್ (ನೀರು ತಿರುಗಿಸುವ ಚಕ್ರ) ಸೇರಿ 38 ಟನ್. ಪೂರ್ಣ ಹೊರೆಯಲ್ಲಿ ನೀರು ಫ್ರಾನ್ಸಿಸ್ ರನ್ನರನ್ನು ಕೆಳಕ್ಕೆ ಒತ್ತುವ ಬಲ ಸುಮಾರು 22 ಟನ್. ಈ 60 ಟನ್ ಭಾರವು ನಿಮಿಷಕ್ಕೆ 500 ಸುತ್ತಿನಂತೆ ತಿರುಗುತ್ತಲೇ ಎಂಟು ಪ್ಯಾಡ್‌ಗಳ ಮೇಲೆ ಕೂತಿರಬೇಕು. ಒಂದೊಂದು ಪ್ಯಾಡಿನ ಮುಖ 300 ಚದರ ಸೆಂಟಿಮೀಟರ್. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 25 ಕಿಲೋಗ್ರಾಂ. ಪ್ಯಾಡಿನ ಬೆನ್ನು 50 ಮಿ.ಮೀ. ದಪ್ಪದ ಉಕ್ಕು, ಅದರ ಮೇಲೆ ಮೂರೂವರೆ ಮಿ.ಮೀ. ವೈಟ್‌ಮೆಟಲ್. ಈ ವೈಟ್‌ಮೆಟಲ್‌ನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತವರ, ಉಳಿದದ್ದು ಆಂಟಿಮನಿ ಮತ್ತು ತಾಮ್ರ. ಶಾಫ್ಟಿಗೆ ಬಿಗಿದ ಥ್ರಸ್ಟ್ ಹೆಡ್ಡಿನ ಕೆಳಗೆ 690 ಮಿ.ಮೀ. ವ್ಯಾಸದ ಉಕ್ಕಿನ ಡಿಸ್ಕ್ ಇದೆ. ಪ್ಯಾಡ್‌ಗಳ ಮೇಲೆ ಸುತ್ತುವುದು ಅದೇ. ಡಿಸ್ಕಿಗೂ ಪ್ಯಾಡಿಗೂ ನಡುವೆ ಕೆಲವು ಹತ್ತು ಮೈಕ್ರಾನ್ ದಪ್ಪದ, ಹೆಚ್ಚುಕಡಿಮೆ ತಲೆಗೂದಲಿನ ದಪ್ಪದ, ಎಣ್ಣೆಯ ಪದರವಿರುತ್ತದೆ. ಲೋಹ ಲೋಹವನ್ನು ಮುಟ್ಟದೆ, ಆ ಎಣ್ಣೆಯೇ 60 ಟನ್ನನ್ನು ಹೊರುತ್ತದೆ.

ಹೇಗೆ ಹೊರುತ್ತದೆ ಎಂಬುದನ್ನು ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಗಣಿತದಿಂದ ತೋರಿಸಿದರು. ಚಲಿಸುವ ಮೇಲ್ಮೈ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಯೊಳಕ್ಕೆ ಎಳೆದೊಯ್ದಾಗ ಅಲ್ಲಿ ಒತ್ತಡ ತಾನಾಗಿ ಏರುತ್ತದೆ. ಪ್ಯಾಡ್ ಒಂದು ಬಿಂದುವಿನ ಮೇಲೆ ಓಲಾಡುವಂತಿದ್ದರೆ ಹೊರೆಗೂ ವೇಗಕ್ಕೂ ತಕ್ಕ ಇಳಿಜಾರನ್ನು ಅದೇ ಹುಡುಕಿಕೊಳ್ಳುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ಮಿಷೆಲ್ ಮತ್ತು ಅಮೆರಿಕದ ಆಲ್ಬರ್ಟ್ ಕಿಂಗ್ಸ್‌ಬರಿ ಪ್ರತ್ಯೇಕವಾಗಿಯೇ ಕಂಡುಕೊಂಡರು. ಮಿಷೆಲ್ 1905ರಲ್ಲಿ ಪೇಟೆಂಟ್ ಪಡೆದರೆ, ಕಿಂಗ್ಸ್‌ಬರಿಯವರ 48 ಇಂಚಿನ ಬೇರಿಂಗ್ 1912ರಲ್ಲಿ ಪೆನ್ಸಿಲ್ವೇನಿಯಾದ ಸಸ್ಕ್ವೆಹಾನ ನದಿಯ ಹೋಲ್ಟ್‌ವುಡ್ ಜಲವಿದ್ಯುತ್ ಕೇಂದ್ರದಲ್ಲಿ ಕೂತು ದಶಕಗಟ್ಟಲೆ ದುಡಿಯಿತು. ನಮ್ಮ ತೊಟ್ಟಿಯೊಳಗಿರುವುದೂ ಅದೇ ವಂಶದ ಬೇರಿಂಗ್. ಪ್ರತಿ ಪ್ಯಾಡಿನ ಕೆಳಗೆ ಗೋಳಾಕಾರದ ತಲೆಯ ಒಂದು ಜ್ಯಾಕ್ ಸ್ಕ್ರೂ, ಎಂಟೂ ಸ್ಕ್ರೂಗಳನ್ನು ಹೊತ್ತ ಒಂದು ಉಕ್ಕಿನ ಉಂಗುರ, ಇವೆಲ್ಲವೂ ಮುಳುಗುವಂತೆ ಸುಮಾರು 600 ಲೀಟರ್ ಟರ್ಬೈನ್ ಎಣ್ಣೆ, ಆ ಎಣ್ಣೆಯನ್ನು ತಣಿಸಲು ನೀರು ಹರಿಯುವ ತಾಮ್ರದ ಸುರುಳಿ.

ಕೆಟ್ಟ ಬಗೆ

ಫೆಬ್ರವರಿಯಿಂದಲೇ ಮೂರನೆಯ ಪ್ಯಾಡಿನ ಉಷ್ಣತೆ ನಿಧಾನವಾಗಿ ಏರುತ್ತಿತ್ತು. 66 ಡಿಗ್ರಿಯಲ್ಲಿ ಸ್ಥಿರವಾಗಿರುತ್ತಿದ್ದದ್ದು 68 ಆಯಿತು, ಆಮೇಲೆ 72. ಎಣ್ಣೆ ನೋಡುವ ಗಾಜಿನಲ್ಲಿ ಜೇನಿನ ಬಣ್ಣ ಹೋಗಿ ಕಷಾಯದ ಬಣ್ಣ ಬಂದಿತ್ತು. ಏಪ್ರಿಲ್ ಕೊನೆಯ ವಾರದ ಒಂದು ಸಂಜೆ 80 ಡಿಗ್ರಿಯ ಎಚ್ಚರಿಕೆ ಮೊಳಗಿ, ನಾಲ್ಕು ನಿಮಿಷದೊಳಗೆ 85 ತಲುಪಿ ಘಟಕ ಟ್ರಿಪ್ ಆಗಿ ತಾನಾಗಿಯೇ ನಿಂತಿತು. ಮಳೆಗಾಲಕ್ಕೆ ಐದು ವಾರವಿತ್ತು. ಜೂನ್‌ನಲ್ಲಿ ಹೊಳೆ ತುಂಬಿ ಬರುವಾಗ ಘಟಕ ನಿಂತಿದ್ದರೆ ವರ್ಷದ ಉತ್ಪಾದನೆಯ ದೊಡ್ಡ ಪಾಲು ಗೇಟಿನ ಮೇಲೆ ಹರಿದುಹೋಗುತ್ತದೆ.

ಬಿಚ್ಚುವ ಮೊದಲು ತಣಿಸುವ ವ್ಯವಸ್ಥೆಯ ಮೇಲಿನ ಅನುಮಾನವನ್ನು ಪರಿಹರಿಸಿಕೊಳ್ಳಬೇಕಾಗಿತ್ತು, ಏಕೆಂದರೆ ಬೇರಿಂಗ್ ಬಿಸಿಯಾದರೆ ಎಲ್ಲರ ಕೈಯೂ ಮೊದಲು ಹೋಗುವುದು ಕೂಲರಿನ ಕಡೆಗೆ. ಟ್ರಿಪ್ ಆಗುವ ಹಿಂದಿನ ವಾರದ ದಾಖಲೆಯಲ್ಲಿ ಸುರುಳಿಗೆ ನಿಮಿಷಕ್ಕೆ 60 ಲೀಟರ್ ನೀರು ಹೋಗುತ್ತಿತ್ತು. ಒಳಹೋಗುವಾಗ 26 ಡಿಗ್ರಿ, ಹೊರಬರುವಾಗ 30. ಅಂದರೆ ನೀರು 16-17 ಕಿಲೋವ್ಯಾಟ್ ಶಾಖವನ್ನು ಹೊರಕ್ಕೆ ಒಯ್ಯುತ್ತಿತ್ತು. 60 ಟನ್ ಹೊರೆ, ಪ್ಯಾಡಿನ ಮಧ್ಯದಲ್ಲಿ ಸೆಕೆಂಡಿಗೆ ಸುಮಾರು 13 ಮೀಟರ್ ವೇಗ, ಎಣ್ಣೆ ಪದರದ ಘರ್ಷಣಾಂಕ 0.002 ಎಂದು ಹಿಡಿದು ಲೆಕ್ಕ ಹಾಕಿದರೂ ಬೇರಿಂಗಿನಲ್ಲಿ ಹುಟ್ಟುವ ಶಾಖ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಕೂಲರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು ಎಂದ ಮೇಲೆ, ದೋಷ ಎಣ್ಣೆ ಪದರದಲ್ಲಿಯೇ ಇತ್ತು.

ಬ್ರೇಕ್ ಜ್ಯಾಕ್‌ಗಳಿಗೆ ಕೈಪಂಪಿನಿಂದ ಎಣ್ಣೆಯ ಒತ್ತಡ ಕೊಟ್ಟು ರೋಟರನ್ನು 6 ಮಿ.ಮೀ. ಎತ್ತಿ, ಜ್ಯಾಕ್‌ಗಳ ಲಾಕ್ ನಟ್‌ಗಳನ್ನು ಬಿಗಿದೆವು. ಲಾಕ್ ನಟ್ ಬಿಗಿಯದೆ, ಕೇವಲ ಎಣ್ಣೆಯ ಒತ್ತಡವನ್ನು ನಂಬಿ ರೋಟರಿನ ಕೆಳಗೆ ಕೈ ಹಾಕಬಾರದು. ಇದನ್ನು ಪ್ರತಿ ಸಲವೂ ಬಾಯಿಬಿಟ್ಟು ಹೇಳಿಯೇ ಕೆಲಸ ಶುರುಮಾಡುತ್ತೇವೆ. ಎಣ್ಣೆ ಇಳಿಸಿ, ತೊಟ್ಟಿಯ ಬಾಗಿಲು ತೆಗೆದು, ಪ್ಯಾಡ್‌ಗಳನ್ನು ಒಂದೊಂದಾಗಿ ಹೊರಗೆಳೆದು, ಕ್ರಮಸಂಖ್ಯೆಯಂತೆ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆವು.

ಮೂರು ಮತ್ತು ನಾಲ್ಕನೆಯ ಪ್ಯಾಡ್‌ಗಳಲ್ಲಿ ಲೋಹ ಎಳೆದುಹೋಗಿತ್ತು. ಎಣ್ಣೆ ಹೊರಹೋಗುವ ಅಂಚಿನ ಬಳಿ ವೈಟ್‌ಮೆಟಲ್ ಕರಗಿ, ತಿರುಗುವ ದಿಕ್ಕಿಗೆ ಬೆಣ್ಣೆ ಸವರಿದಂತೆ ಜಾರಿ, ಅಂಚಿನಾಚೆಗೆ ನಾಲಗೆಯಂತೆ ಚಾಚಿಕೊಂಡಿತ್ತು. ಇದು ಯಾರ ಕಣ್ಣಿಗಾದರೂ ಬೀಳುವ ಗಾಯ. ಆದರೆ ಉಳಿದ ಆರು ಪ್ಯಾಡ್‌ಗಳ ಮೇಲಿದ್ದದ್ದು ಬೇರೆಯದೇ. ಹೊಳೆಯಬೇಕಾದ ಮುಖದ ಮೇಲೆ ಗಾಜಿಗೆ ಉಸಿರು ಬಿಟ್ಟಾಗ ಕವಿಯುವಂಥ ಬೂದು ಮಸುಕು ಹರಡಿತ್ತು. ಮೊದಲ ಸಲ ಕೆಟ್ಟಾಗಲೂ ಅದು ಇದ್ದಿರಬೇಕು. ಆಗ ಪ್ಯಾಡ್‌ಗಳನ್ನು ತೆಗೆದ ಕೂಡಲೇ ಡೀಸೆಲ್ಲಿನಲ್ಲಿ ತೊಳೆದು, ಸ್ಕ್ರೇಪರ್ ಹಿಡಿದು ಕೂತಿದ್ದೆವು.

ಮೂವತ್ತು ವರ್ಷ ಬೇರಿಂಗ್ ಹೆರೆದಿರುವ ನಮ್ಮ ಮೇಸ್ತ್ರಿಯವರು ಹೆಬ್ಬೆರಳಿನ ಉಗುರನ್ನು ಆರನೆಯ ಪ್ಯಾಡಿನ ಮೇಲೆ ಆಡಿಸಿ ನೋಡಿದರು. "ಸಾರ್, ಇದು ಮರಳೋ ಕಸವೋ ಹೋಗಿ ಬಿದ್ದ ಗೀರಲ್ಲ. ಗೀರಾದರೆ ಸುತ್ತುವ ದಿಕ್ಕಿಗೆ ಉದ್ದಕ್ಕೆ ಇರಬೇಕಿತ್ತು, ಉಗುರಿಗೂ ಸಿಗಬೇಕಿತ್ತು. ಇದಕ್ಕೆ ದಿಕ್ಕೇ ಇಲ್ಲ ನೋಡಿ" ಎಂದರು. ದಿಕ್ಕೇ ಇಲ್ಲ ಎಂಬ ಆ ಮಾತೇ ನಮಗೆ ದಾರಿ ತೋರಿಸಿತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರವಿಟ್ಟು ನೋಡಿದಾಗ ಮಸುಕು ಒಡೆದು ಸಾವಿರಾರು ಸಣ್ಣ ಕುಳಿಗಳಾಯಿತು. ಪ್ರತಿ ಕುಳಿಯೂ ದುಂಡಗಿತ್ತು, ಅದರ ಬಾಯಿಯ ಅಂಚು ಕರಗಿ ನುಣುಪಾಗಿತ್ತು, ತಳ ಹೊಳೆಯುತ್ತಿತ್ತು. ಉಜ್ಜಾಟದಿಂದ ದುಂಡಗಿನ, ಕರಗಿದ ಅಂಚಿನ ಕುಳಿ ಹುಟ್ಟುವುದಿಲ್ಲ. ಅದು ವಿದ್ಯುತ್ ಕಿಡಿ ಹಾರಿದ ಗುರುತು. ಥ್ರಸ್ಟ್ ಡಿಸ್ಕಿನ ಕೆಳಮುಖಕ್ಕೆ ಕನ್ನಡಿ ಹಿಡಿದು ನೋಡಿದರೆ ಅಲ್ಲಿಯೂ ಅದೇ ಮಸುಕಿನ ಪಟ್ಟಿ, ಸುತ್ತಲೂ.

ಶಾಫ್ಟಿನಲ್ಲಿ ವಿದ್ಯುತ್ ಎಲ್ಲಿಂದ ಬಂತು

ಜನರೇಟರಿನ ಸ್ಥಿರ ಭಾಗವಾದ ಸ್ಟೇಟರ್ ಸಾಗಣೆಯ ಅನುಕೂಲಕ್ಕಾಗಿ ಎರಡು ಹೋಳುಗಳಲ್ಲಿ ಬಂದು ಸ್ಥಳದಲ್ಲಿ ಜೋಡಣೆಯಾಗಿರುತ್ತದೆ. ಆ ಜೋಡಣೆಯ ಸಂದಿಗಳಿಂದಲೂ ಗಾಳಿಯಂತರದ ಸಣ್ಣ ಏರುಪೇರುಗಳಿಂದಲೂ ಕಾಂತಕ್ಷೇತ್ರ ಪೂರ್ತಿ ಸಮನಾಗಿರುವುದಿಲ್ಲ. ಅದರ ಒಂದು ಪಾಲು ಶಾಫ್ಟನ್ನು ಬಳಸಿ ಸುತ್ತುತ್ತದೆ. ಹಾಗೆ ಸುತ್ತುವ, ಬದಲಾಗುತ್ತಲೇ ಇರುವ ಕಾಂತಕ್ಷೇತ್ರವು ಶಾಫ್ಟಿನ ಮೇಲ್ತುದಿಗೂ ಕೆಳತುದಿಗೂ ನಡುವೆ ಕೆಲವು ವೋಲ್ಟ್‌ಗಳನ್ನು ಹುಟ್ಟಿಸುತ್ತದೆ. ವೋಲ್ಟೇಜ್ ಸಣ್ಣದೇ. ಆದರೆ ಶಾಫ್ಟ್, ಮೇಲಿನ ಬೇರಿಂಗ್, ಅದನ್ನು ಹೊತ್ತ ಬ್ರಾಕೆಟ್, ಸ್ಟೇಟರಿನ ಚೌಕಟ್ಟು, ಕೆಳಗಿನ ಬೇರಿಂಗ್, ಮತ್ತೆ ಶಾಫ್ಟ್ ಎಂಬ ಬಳಸುದಾರಿಯಲ್ಲಿ ತಡೆ ಎಂಬುದೇ ಇಲ್ಲದಿದ್ದರೆ ಆ ಕೆಲವೇ ವೋಲ್ಟ್‌ಗಳು ದೊಡ್ಡ ಕರೆಂಟನ್ನು ಓಡಿಸಬಲ್ಲವು. ಎಣ್ಣೆ ಪದರ ತೆಳುವಾದ ಕಡೆಯಲ್ಲೆಲ್ಲ ಕಿಡಿ ಹಾರಿ ಸೂಜಿಮೊನೆಯಷ್ಟು ಲೋಹವನ್ನು ಕರಗಿಸುತ್ತದೆ. ಕರಗಿದ್ದು ಎಣ್ಣೆಗೆ ಸೇರುತ್ತದೆ, ಎಣ್ಣೆ ಸುಟ್ಟು ಕಪ್ಪಾಗುತ್ತದೆ, ಒರಟಾದ ಮುಖದ ಮೇಲೆ ಪದರ ಇನ್ನಷ್ಟು ತೆಳುವಾಗುತ್ತದೆ. ಕಡೆಗೊಂದು ದಿನ ಲೋಹ ಲೋಹವನ್ನು ಮುಟ್ಟುತ್ತದೆ.

ಇದನ್ನು ತಡೆಯುವುದಕ್ಕೆಂದೇ ರೋಟರಿಗಿಂತ ಮೇಲಿರುವ ಬೇರಿಂಗನ್ನು ಬ್ರಾಕೆಟ್ಟಿನಿಂದ ವಿದ್ಯುತ್ತಿನ ಮಟ್ಟಿಗೆ ಬೇರ್ಪಡಿಸಿರುತ್ತಾರೆ. ನಮ್ಮಲ್ಲಿ ಜ್ಯಾಕ್ ಸ್ಕ್ರೂಗಳನ್ನು ಹೊತ್ತ ಉಂಗುರದ ಕೆಳಗೆ ವಿದ್ಯುತ್ ಹರಿಯಬಿಡದ ಎಪಾಕ್ಸಿ ಗ್ಲಾಸ್ ಶೀಟ್ ಇದೆ. ಉಂಗುರದ ಬೋಲ್ಟ್‌ಗಳಿಗೂ ಅದೇ ವಸ್ತುವಿನ ತೋಳು ಮತ್ತು ವಾಷರುಗಳಿವೆ. ಅದೇ ತೊಟ್ಟಿಯಲ್ಲಿರುವ, ಶಾಫ್ಟ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಮೇಲಿನ ಗೈಡ್ ಬೇರಿಂಗಿನ ಪ್ಯಾಡ್‌ಗಳ ಬೆನ್ನಿಗೂ ಅಂಥದೇ ಹೊದಿಕೆ ಇದೆ. ಬಳಸುದಾರಿಯನ್ನು ಒಂದು ಕಡೆ ಕತ್ತರಿಸಿದರೆ ಸಾಕು, ಕರೆಂಟ್ ಓಡುವುದಿಲ್ಲ.

ರೋಟರ್ ಜ್ಯಾಕ್‌ಗಳ ಮೇಲಿದ್ದು ಡಿಸ್ಕ್ ಪ್ಯಾಡ್‌ಗಳಿಂದ ಬಿಡಿಸಿಕೊಂಡಿದ್ದಾಗಲೇ ಈ ಹೊದಿಕೆಯ ವಿದ್ಯುತ್ ತಡೆಯನ್ನು ಅಳೆಯಬೇಕು. ಇಲ್ಲವಾದರೆ ಶಾಫ್ಟಿನ ಮೂಲಕ ನೆಲ ಸೇರುವ ದಾರಿಯೂ ಅಳತೆಯಲ್ಲಿ ಸೇರಿಬಿಡುತ್ತದೆ. ಹಾಗಾಗಿ ಪ್ಯಾಡ್‌ಗಳನ್ನು ಹೊರಗೆ ತೆಗೆಯುವ ಮೊದಲೇ, ಉಂಗುರಕ್ಕೂ ಬ್ರಾಕೆಟ್ಟಿಗೂ ನಡುವೆ ಆ ತಡೆಯನ್ನು ಅಳೆಯುವ 500 ವೋಲ್ಟಿನ ಮೆಗ್ಗರ್ ಹಾಕಿ ನೋಡಿದ್ದೆವು. ಮುಳ್ಳು ಸೊನ್ನೆಯಿಂದ ಏಳಲಿಲ್ಲ. ಶೀಟ್ ಎಣ್ಣೆ ಕುಡಿದು ಹಾಳಾಗಿದೆ ಎಂದು ನಾನು ಆಗ ಅಂದುಕೊಂಡೆ. ಅದು ತಪ್ಪು ಊಹೆ. ಪ್ಯಾಡ್‌ಗಳನ್ನೆಲ್ಲ ಹೊರಗೆಳೆದು ಇಟ್ಟ ಮೇಲೆ ಖಾತ್ರಿಗಾಗಿ ಮತ್ತೆ ಅಳೆದಾಗ 18 ಮೆಗಾಓಮ್ ಬಂತು. ಶೀಟ್ ಚೆನ್ನಾಗಿಯೇ ಇತ್ತು. ಪ್ಯಾಡ್‌ಗಳ ಜೊತೆಯಲ್ಲಿ ನಾವು ಹೊರಗೆ ತೆಗೆದದ್ದೇನು ಎಂದು ಯೋಚಿಸಿದಾಗ ಉಳಿದದ್ದು ಒಂದೇ: ಮೂರು ಮತ್ತು ಏಳನೆಯ ಪ್ಯಾಡ್‌ಗಳ ರಂಧ್ರದಲ್ಲಿ ಕೂತಿದ್ದ, ಉಷ್ಣತೆ ಅಳೆಯುವ ಎರಡು ಆರ್‌ಟಿಡಿಗಳು.

ಮೂರು ವರ್ಷದ ಹಿಂದಿನ ಓವರ್‌ಹಾಲ್‌ನಲ್ಲಿ ಗುತ್ತಿಗೆದಾರರು ಹಳೆಯ ಆರ್‌ಟಿಡಿಗಳ ಬದಲಿಗೆ ಪಿಟಿ-100 ಎಂಬ ಬಗೆಯ ಹೊಸ ಆರ್‌ಟಿಡಿ ಹಾಕಿದ್ದರು. ಒಳ್ಳೆಯ ಮಾಲೇ. ಆದರೆ ಅವುಗಳ ತಂತಿಯ ಮೇಲೆ ಸ್ಟೇನ್‌ಲೆಸ್ ಸ್ಟೀಲಿನ ಹೆಣೆದ ಕವಚವಿತ್ತು. ಕವಚದ ಒಂದು ತುದಿ ಆರ್‌ಟಿಡಿಯ ಲೋಹದ ಕೊಳವೆಗೆ, ಆ ಮೂಲಕ ಪ್ಯಾಡಿಗೆ, ಸೇರಿಕೊಂಡಿತ್ತು. ಇನ್ನೊಂದು ತುದಿ ತೊಟ್ಟಿಯ ಗೋಡೆಯಲ್ಲಿ ತಂತಿ ಹೊರಬರುವ ಹಿತ್ತಾಳೆ ಗ್ಲ್ಯಾಂಡನ್ನು ಬಿಗಿಯಾಗಿ ತಬ್ಬಿಕೊಂಡಿತ್ತು. ಅಷ್ಟು ಜತನದಿಂದ ಶೀಟ್ ಹಾಸಿ ಬೇರ್ಪಡಿಸಿದ ಬೇರಿಂಗಿಗೆ, ಬೆರಳಿಗಿಂತ ತೆಳುವಾದ ಒಂದು ಕವಚ ಸೇತುವೆ ಕಟ್ಟಿತ್ತು. ಗ್ಲ್ಯಾಂಡ್ ಬಿಚ್ಚಿ ಕವಚವನ್ನು ಬೆಳಕಿಗೆ ಹಿಡಿದರೆ, ಹಿತ್ತಾಳೆ ತಾಗುತ್ತಿದ್ದ ಜಾಗದಲ್ಲಿ ಸಾಸಿವೆಗಿಂತಲೂ ಚಿಕ್ಕ ಕಪ್ಪು ಚುಕ್ಕೆಗಳು, ಎರಡು ಎಳೆ ತುಂಡಾಗಿ ತುದಿ ಗುಂಡಗೆ ಕರಗಿ ನಿಂತಿದ್ದವು. ಆರ್‌ಟಿಡಿ ಇದ್ದದ್ದು ಎರಡೇ ಪ್ಯಾಡಿನಲ್ಲಿ, ಅದು ಇಲ್ಲದ ಪ್ಯಾಡ್‌ಗಳಲ್ಲೂ ಮಸುಕು ಏಕೆ ಎಂದು ಸ್ವಲ್ಪ ಹೊತ್ತು ಗೊಂದಲವಾಯಿತು. ಎಂಟೂ ಪ್ಯಾಡ್‌ಗಳು ಜ್ಯಾಕ್ ಸ್ಕ್ರೂಗಳ ಮೂಲಕ ಒಂದೇ ಉಂಗುರಕ್ಕೆ ಸೇರಿರುವುದರಿಂದ, ಒಂದಕ್ಕೆ ದಾರಿ ಸಿಕ್ಕರೆ ಎಲ್ಲಕ್ಕೂ ಸಿಕ್ಕಂತೆ.

ಓವರ್‌ಹಾಲ್‌ನ ಕಡತ ತೆಗೆದು ನೋಡಿದೆ. ಉಂಗುರದ ಹೊದಿಕೆಯ ಅಳತೆ 25 ಮೆಗಾಓಮ್ ಎಂದು ಬರೆದಿತ್ತು, ಅದು ಸುಳ್ಳಲ್ಲ. ಆ ಅಳತೆ ತೆಗೆದದ್ದು ಆರ್‌ಟಿಡಿಗಳನ್ನು ಜೋಡಿಸುವುದಕ್ಕೆ ಒಂದು ದಿನ ಮೊದಲು.

ಇದಕ್ಕಿಂತ ನನ್ನನ್ನು ಹೆಚ್ಚು ನೋಯಿಸಿದ್ದು ನಮ್ಮದೇ ಕೈಯ ಕೆಲಸ. ಮೊದಲ ಸಲ ಬೇರಿಂಗ್ ಕೆಟ್ಟಾಗ, ಸವೆದಿದ್ದ ಅರ್ಥಿಂಗ್ ಬ್ರಷ್ ಕಣ್ಣಿಗೆ ಬಿದ್ದು, ರೋಟರಿನ ಕೆಳಗೆ ಶಾಫ್ಟಿಗೆ ಹೊಸ ಬ್ರಷ್ ಹಾಕಿದ್ದೆವು. ಶಾಫ್ಟಿನ ವಿದ್ಯುತ್ತನ್ನು ಬ್ರಷ್ ನೆಲಕ್ಕೆ ಇಳಿಸುತ್ತದೆ, ಆದ್ದರಿಂದ ಬೇರಿಂಗ್ ಸುರಕ್ಷಿತ ಎಂಬ ನಂಬಿಕೆ ಬಹಳ ಕಡೆ ಇದೆ. ಮೇಲಿನ ಬೇರಿಂಗಿನ ಹೊದಿಕೆ ಸರಿಯಾಗಿರುವವರೆಗೆ ಮಾತ್ರ ಬ್ರಷ್‌ನಿಂದ ಒಳಿತು. ಮೇಲೆ ಸೇತುವೆ ಬಿದ್ದಿರುವಾಗ ಕೆಳಗೆ ಒಳ್ಳೆಯ ಬ್ರಷ್ ಹಾಕಿದರೆ, ಮುಂಚೆ ಕೆಳಗಿನ ಬೇರಿಂಗಿನ ಎಣ್ಣೆ ಪದರವನ್ನು ದಾಟಿಕೊಂಡು ಹೋಗಬೇಕಾಗಿದ್ದ ಕರೆಂಟಿಗೆ ಸಲೀಸಾದ ದಾರಿಯನ್ನೇ ಮಾಡಿಕೊಟ್ಟಂತಾಗುತ್ತದೆ. ಮೊದಲ ಸಲ ಬೇರಿಂಗ್ ಕೆಡುವುದಕ್ಕೆ 20 ತಿಂಗಳು ಹಿಡಿದಿತ್ತು, ಬ್ರಷ್ ಹಾಕಿದ ಮೇಲೆ 14 ತಿಂಗಳು.

ಡಿಸ್ಕ್ ಮತ್ತು ಪ್ಯಾಡ್

ಡಿಸ್ಕನ್ನು ಹೊರಗೆ ತೆಗೆಯದೆ ಗತ್ಯಂತರವಿರಲಿಲ್ಲ. ಕುಳಿಬಿದ್ದ ಡಿಸ್ಕ್ ಅರದಂತೆ ಹೊಸ ಪ್ಯಾಡನ್ನು ತಿನ್ನುತ್ತದೆ. ಮೇಲಿನ ಸ್ಲಿಪ್ ರಿಂಗ್‌ಗಳನ್ನು ಬಿಚ್ಚಿ, ಥ್ರಸ್ಟ್ ಹೆಡ್ಡನ್ನು ಗ್ಯಾಸ್ ಟಾರ್ಚುಗಳಿಂದ ಸುತ್ತಲೂ ಸಮನಾಗಿ ಬಿಸಿಮಾಡಿ, ಕ್ರೇನಿನಿಂದ ನೇರವಾಗಿ ಎತ್ತಿದೆವು. 300 ಮಿ.ಮೀ. ರಂಧ್ರವು 80 ಡಿಗ್ರಿ ಬಿಸಿಗೆ ಸುಮಾರು 0.29 ಮಿ.ಮೀ. ಹಿಗ್ಗುತ್ತದೆ, ಬಿಗಿತ ಬಿಡುವುದಕ್ಕೆ ಅದು ಧಾರಾಳವಾಗಿ ಸಾಕು. ಒಂದೇ ಬದಿಗೆ ಉರಿ ಹಿಡಿದರೆ ಮಾತ್ರ ಹೆಡ್ ಓರೆಯಾಗಿ ಕಚ್ಚಿಕೊಳ್ಳುತ್ತದೆ. 160 ಕಿಲೋ ತೂಕದ ಡಿಸ್ಕನ್ನು ಬಿಡಿಸಿ, ಮರದ ಪೆಟ್ಟಿಗೆಯಲ್ಲಿ ಮೂರು ಹಾಗೂ ನಾಲ್ಕನೆಯ ಪ್ಯಾಡ್‌ಗಳ ಜೊತೆ ಬೆಂಗಳೂರಿನ ಪೀಣ್ಯಕ್ಕೆ ಕಳಿಸಿದೆವು.

ಡಿಸ್ಕಿನ ಮುಖದಿಂದ 0.06 ಮಿ.ಮೀ. ಗ್ರೈಂಡ್ ಮಾಡಿ, ಆಮೇಲೆ ನುಣುಪಾಗಿ ಉಜ್ಜುವ ಲ್ಯಾಪಿಂಗ್ ಮಾಡಿದಾಗ ಕುಳಿಗಳು ಪೂರ್ತಿ ಹೋದವು. ಮೇಲ್ಮೈಯ ಒರಟುತನ 0.2 ಮೈಕ್ರಾನಿಗೆ ಇಳಿಯಿತು. ಸಮತಟ್ಟು 8 ಮೈಕ್ರಾನಿನೊಳಗೆ ಬಂತು. ಡಿಸ್ಕಿನ ಎರಡೂ ಮುಖಗಳು ಪರಸ್ಪರ ಸಮಾಂತರವಾಗಿರಬೇಕು ಎಂಬುದಕ್ಕೆ ನಾನು ವಿಶೇಷವಾಗಿ ಒತ್ತಾಯ ಮಾಡಿದೆ. ಕಾರಣವನ್ನು ಲೆಕ್ಕವೇ ಹೇಳುತ್ತದೆ. 690 ಮಿ.ಮೀ. ಅಗಲದಲ್ಲಿ ಡಿಸ್ಕ್ 0.02 ಮಿ.ಮೀ. ಓರೆಯಾದರೆ, 3.6 ಮೀಟರ್ ಕೆಳಗಿನ ಟರ್ಬೈನ್ ಗೈಡ್ ಬೇರಿಂಗಿನ ಬಳಿ ಡಯಲ್ ಗೇಜ್ 0.21 ಮಿ.ಮೀ. ಆಟ ತೋರಿಸುತ್ತದೆ. ಮೇಲಿನ ಕೂದಲೆಳೆಯ ತಪ್ಪು ಕೆಳಗೆ ಹೋಗುವಷ್ಟರಲ್ಲಿ ಹತ್ತು ಪಟ್ಟಾಗಿರುತ್ತದೆ.

ಎರಡು ಪ್ಯಾಡ್‌ಗಳ ಹಳೆಯ ವೈಟ್‌ಮೆಟಲನ್ನು ಕರಗಿಸಿ ತೆಗೆದು, ಉಕ್ಕಿನ ಮುಖವನ್ನು ಶುಚಿಮಾಡಿ, ತವರದ ಕಲಾಯಿ ಹಾಕಿ, 425 ಡಿಗ್ರಿಯ ಆಸುಪಾಸಿನಲ್ಲಿ ಹೊಸ ಲೋಹ ಎರೆದರು. ಎರೆದ ಮೇಲೆ ಬೆನ್ನಿನ ಕಡೆಯಿಂದಲೇ ತಣಿಸುತ್ತಾರೆ. ಉಕ್ಕನ್ನು ತಾಗಿದ ಪದರ ಮೊದಲು ಗಟ್ಟಿಯಾಗಿ ಹಿಡಿದುಕೊಂಡರೆ ಲೋಹ ಕುಗ್ಗುವಾಗ ಕೊರತೆ ಮೇಲ್ಮುಖದಲ್ಲಿ ಬೀಳುತ್ತದೆ, ಅದನ್ನು ಹೇಗಿದ್ದರೂ ಮಶೀನಿನಲ್ಲಿ ಕತ್ತರಿಸುತ್ತೇವೆ. ಐಎಸ್‌ಒ 4386-1ರ ಪ್ರಕಾರ ಅಲ್ಟ್ರಾಸೋನಿಕ್ ಪರೀಕ್ಷೆ ಮಾಡಿದಾಗ ನಾಲ್ಕನೆಯ ಪ್ಯಾಡಿನ ಒಂದು ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಉಕ್ಕಿಗೆ ಹಿಡಿದಿರಲಿಲ್ಲ. ವರ್ಕ್‌ಷಾಪಿನವರು ಅದು ಮೂಲೆಯಲ್ಲಿದೆ, ಹೊರೆ ಬೀಳುವ ಜಾಗವಲ್ಲ, ನಡೆಯುತ್ತದೆ ಎಂದರು. ನಾನು ಒಪ್ಪಲಿಲ್ಲ. ಹಿಡಿಯದ ಜಾಗದಲ್ಲಿ ಶಾಖ ಉಕ್ಕಿಗೆ ಇಳಿಯುವುದಿಲ್ಲ, ಅಲ್ಲಿಂದಲೇ ಸಿಪ್ಪೆ ಏಳುತ್ತದೆ. ಮತ್ತೆ ಕರಗಿಸಿ ಮತ್ತೆ ಎರೆಸಿದೆವು. ಎರಡು ದಿನ ಹೋಯಿತು. ಉಳಿದ ಆರು ಪ್ಯಾಡ್‌ಗಳಲ್ಲಿ ಹಿಡಿತ ಚೆನ್ನಾಗಿತ್ತು, ಕುಳಿಗಳೂ ಮೇಲುಮೇಲಿನವು. ಅವುಗಳನ್ನು ನಮ್ಮಲ್ಲಿಯೇ ಹೆರೆದೆವು.

ಹೆರೆಯುವ ಕೆಲಸವನ್ನು ಮೇಸ್ತ್ರಿಯವರಿಗೆ ಬಿಟ್ಟು ನಾನು ಪಕ್ಕದಲ್ಲಿ ಕೂತೆ. ಸರ್ಫೇಸ್ ಪ್ಲೇಟಿನ ಮೇಲೆ ನೀಲಿಯನ್ನು ಹತ್ತಿಯಲ್ಲಿ ತೆಳ್ಳಗೆ ಸವರುತ್ತಾರೆ. ಪ್ಯಾಡನ್ನು ಕವುಚಿ ಇಟ್ಟು, ತಮ್ಮ ಭಾರ ಹಾಕದೆ, ಅಂಗೈಯಷ್ಟು ದೂರ ಎರಡು ಸಲ ಆಡಿಸಿ ಎತ್ತುತ್ತಾರೆ. ಉಬ್ಬಿದ ಜಾಗಕ್ಕೆ ನೀಲಿ ಹತ್ತಿರುತ್ತದೆ. ಎಡಗೈಯ ಎರಡು ಬೆರಳಿಂದ ಸ್ಕ್ರೇಪರಿನ ತುದಿಯನ್ನು ಒತ್ತಿಹಿಡಿದು, ಬಲಗೈಯಿಂದ ವೀಳ್ಯದೆಲೆಯ ನರ ಬಿಡಿಸುವಷ್ಟು ಹಗುರವಾಗಿ ತಳ್ಳಿದರೆ, ಬೆಳ್ಳಿಯ ಹೊಟ್ಟಿನಂಥ ಸುರುಳಿ ಏಳುತ್ತದೆ. ಒಂದು ಸುತ್ತಿನ ಗೀಟುಗಳು ಎಡಕ್ಕೆ ಓರೆಯಾದರೆ ಮುಂದಿನ ಸುತ್ತಿನವು ಬಲಕ್ಕೆ. ಪ್ಯಾಡೊಂದಕ್ಕೆ ಹನ್ನೆರಡರಿಂದ ಹದಿನೈದು ಸುತ್ತು. ಮುಖದ ನಾಲ್ಕರಲ್ಲಿ ಮೂರು ಪಾಲಿಗೆ ನೀಲಿಯ ಚುಕ್ಕೆಗಳು ಸಮನಾಗಿ ಹರಡಿದ ಮೇಲೆ, ಎಣ್ಣೆ ಒಳಬರುವ ಅಂಚನ್ನು ದುಂಡಗೆ ಮಾಡಿ ನಿಲ್ಲಿಸುತ್ತಾರೆ. ಆ ಅಂಚು ಚೂಪಾಗಿದ್ದರೆ ಅದು ಎಣ್ಣೆಯನ್ನು ಒಳಬಿಡದೆ ಹೊರಗೆ ಕೆರೆದುಹಾಕುತ್ತದೆ.

ಮರುಜೋಡಣೆ

ಹೊಸ ಆರ್‌ಟಿಡಿಗಳನ್ನು ತೊಟ್ಟಿಯೊಳಗೆ ಲೋಹದ ಕವಚವಿಲ್ಲದ, ಟೆಫ್ಲಾನ್ ಹೊದಿಕೆಯ ತಂತಿಯ ಮಾದರಿಯಲ್ಲಿ ತರಿಸಿದೆವು. ಗೋಡೆಯ ಗ್ಲ್ಯಾಂಡನ್ನೂ ಲೋಹವಲ್ಲದ್ದಕ್ಕೆ ಬದಲಿಸಿದೆವು. ತಂತಿಯ ಶೀಲ್ಡ್ ಗೋಡೆಯ ಹೊರಗೇ ನಿಲ್ಲುತ್ತದೆ, ಪ್ಯಾನೆಲ್ಲಿನ ಕಡೆಯಲ್ಲಿ ಮಾತ್ರ ಅರ್ಥ್ ಆಗುತ್ತದೆ. ಇದರ ಜೊತೆಗೆ, ಉಂಗುರದಿಂದ ಒಂದು ಪ್ರತ್ಯೇಕ ತಂತಿಯನ್ನು ಗೋಡೆಯಾಚೆಗೆ ತಂದು ಸಣ್ಣ ಡಬ್ಬಿಯಲ್ಲಿ ಟರ್ಮಿನಲ್ಲಿಗೆ ಕಟ್ಟಿದೆವು. ಈ ಒಂದು ತಂತಿ ಯಂತ್ರ ಬಂದ ದಿನದಿಂದ ಇದ್ದಿದ್ದರೆ ಈ ಕತೆಯೇ ನಡೆಯುತ್ತಿರಲಿಲ್ಲ, ಏಕೆಂದರೆ ಇದರಿಂದ ಯಂತ್ರ ಓಡುತ್ತಿರುವಾಗಲೇ ಹೊದಿಕೆಯನ್ನು ಪರೀಕ್ಷಿಸಬಹುದು.

ಮೆಗ್ಗರ್ ಅಳತೆಯನ್ನು ಈ ಸಲ ಪ್ರತಿ ಹಂತದಲ್ಲೂ ತೆಗೆದೆವು. ಉಂಗುರವನ್ನು ಒರೆಸಿ ಒಣಗಿಸಿದ ಮೇಲೆ 40 ಮೆಗಾಓಮ್. ಪ್ಯಾಡ್‌ಗಳು ಕೂತ ಮೇಲೆ ಅಷ್ಟೇ. ಆರ್‌ಟಿಡಿ ಎರಡನ್ನೂ ಜೋಡಿಸಿ, ತಂತಿಗಳನ್ನು ಪ್ಯಾನೆಲ್ಲಿನವರೆಗೂ ಸೇರಿಸಿದ ಮೇಲೆ 38. ಎಣ್ಣೆ ತುಂಬಿದ ಮೇಲೆ 22. ಬಾಗಿಲು ಮುಚ್ಚಿ ಕೊನೆಯ ಬೋಲ್ಟ್ ಬಿಗಿದ ಮೇಲಿನ ಅಳತೆ ಬರೆಯುವುದಕ್ಕೆ ನಮ್ಮ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಈಗ ಅದಕ್ಕೊಂದು ಸಾಲು ಸೇರಿಸಿದ್ದೇವೆ. ಆ ಸಾಲಿನಲ್ಲಿಯೂ 22 ಎಂದೇ ಬರೆದಿದೆ.

ಎಣ್ಣೆ ತುಂಬುವ ಮೊದಲು, ರೋಟರನ್ನು ಪ್ಯಾಡ್‌ಗಳ ಮೇಲೆ ಇಳಿಸಿ, ಶಾಫ್ಟನ್ನು ಕೈಯಿಂದಲೇ ಎಂಟು ನಿಲುಗಡೆಗಳಲ್ಲಿ ಒಂದು ಸುತ್ತು ತಿರುಗಿಸಿ ನೋಡಿದಾಗ ಟರ್ಬೈನ್ ಗೈಡಿನ ಬಳಿ ಆಟ 0.09 ಮಿ.ಮೀ. ಇತ್ತು. ಡಿಸ್ಕ್ ಶಾಫ್ಟಿಗೆ ಲಂಬವಾಗಿದೆ ಎಂಬುದಕ್ಕೆ ಅಷ್ಟು ಸಾಕು. ಆಮೇಲೆ ಎಂಟೂ ಪ್ಯಾಡ್‌ಗಳಿಗೆ ಹೊರೆಯನ್ನು ಸಮನಾಗಿ ಹಂಚಬೇಕು. ಹೊರೆ ಅಳೆಯುವ ಸ್ಟ್ರೇನ್ ಗೇಜ್ ಇಲ್ಲದ ಕಡೆ ಸುತ್ತಿಗೆಯೇ ಗತಿ. 5 ಕಿಲೋ ಸುತ್ತಿಗೆಯಿಂದ, ಒಬ್ಬರೇ ಮನುಷ್ಯ, ಅಷ್ಟೇ ಬೀಸಿನಲ್ಲಿ, ಪ್ರತಿ ಜ್ಯಾಕ್ ಸ್ಕ್ರೂವಿನ ಸ್ಪ್ಯಾನರಿಗೆ ಒಂದೊಂದು ಪೆಟ್ಟು ಕೊಡುತ್ತಾರೆ. ಸ್ಪ್ಯಾನರಿನ ತುದಿ ಎಷ್ಟು ಸರಿಯಿತು ಎಂದು ಗುರುತು ಮಾಡುತ್ತೇವೆ. ಕಡಿಮೆ ಸರಿದ ಸ್ಕ್ರೂವಿನ ಮೇಲೆ ಹೊರೆ ಹೆಚ್ಚು. ಶಾಫ್ಟಿನ ಲಂಬ ಕೆಡದಂತೆ ಎರಡು ದಿಕ್ಕಿನ ಡಯಲ್ ಗೇಜ್‌ಗಳ ಮೇಲೆ ಕಣ್ಣಿಟ್ಟು, ಹೆಚ್ಚಿದ್ದದ್ದನ್ನು ಇಳಿಸಿ, ಕಡಿಮೆಯಿದ್ದದ್ದನ್ನು ಏರಿಸಿ, ನಾಲ್ಕು ಸುತ್ತು ಮಾಡುವಷ್ಟರಲ್ಲಿ ಎಂಟರ ಅಳತೆಗಳೂ ಶೇಕಡ 10ರ ಅಂತರದೊಳಗೆ ಬಂದವು. ಅಂದು ರಾತ್ರಿ ಹನ್ನೊಂದಾಗಿತ್ತು; ಹೊರಗೆ ಮುಂಗಾರಿಗೆ ಮುಂಚಿನ ಗುಡುಗು ಶುರುವಾಗಿತ್ತು.

ಓಡಿಸಿದ ದಿನ

ಶುರುಮಾಡುವ ಮುನ್ನ ರೋಟರನ್ನು ಇನ್ನೊಮ್ಮೆ ಎತ್ತಿ ಇಳಿಸಿದೆವು. ಬಹುದಿನ ನಿಂತ ಯಂತ್ರದ ಪ್ಯಾಡ್ ಮುಖಕ್ಕೆ ಎಣ್ಣೆ ಸೇರುವುದು ಹಾಗೆಯೇ. ಮೊದಲು ಎಕ್ಸೈಟೇಶನ್ (ರೋಟರನ್ನು ಕಾಂತವಾಗಿಸುವ ಕರೆಂಟ್) ಇಲ್ಲದೆ ಹದಿನೈದು ನಿಮಿಷ ಓಡಿಸಿ, ವೇಗ ಐದನೇ ಒಂದು ಭಾಗಕ್ಕೆ ಇಳಿದಾಗ ಬ್ರೇಕ್ ಹಾಕಿ ನಿಲ್ಲಿಸಿ, ಒಂದು ಪ್ಯಾಡನ್ನು ಹೊರಗೆಳೆದು ನೋಡಿದೆವು. ಮುಖ ಶುದ್ಧವಾಗಿತ್ತು. ಆಮೇಲೆ ಎಕ್ಸೈಟೇಶನ್ ಕೊಟ್ಟು ಪೂರ್ಣ ವೋಲ್ಟೇಜಿಗೆ ತಂದು, ಉದ್ದನೆಯ ಹೊದಿಕೆಯ ಕೋಲಿಗೆ ಕಟ್ಟಿದ ಕಾರ್ಬನ್ ಬ್ರಷ್ಷನ್ನು ಶಾಫ್ಟಿನ ಮೇಲ್ತುದಿಗೆ ಹಿಡಿದು ಅಳೆದಾಗ, ಶಾಫ್ಟಿಗೂ ಬ್ರಾಕೆಟ್ಟಿಗೂ ನಡುವೆ 3.9 ವೋಲ್ಟ್ ಇತ್ತು. ಹೊಸ ಟರ್ಮಿನಲ್ಲಿನಲ್ಲಿ ಉಂಗುರಕ್ಕೂ ಬ್ರಾಕೆಟ್ಟಿಗೂ ನಡುವೆ 3.7. ಶಾಫ್ಟಿನ ವೋಲ್ಟೇಜ್ ಹೆಚ್ಚುಕಡಿಮೆ ಪೂರ್ತಿಯಾಗಿ ಎಪಾಕ್ಸಿ ಶೀಟಿನ ಎರಡು ಬದಿಗೆ ನಿಂತಿದೆ ಎಂದರೆ ಶೀಟ್ ತಡೆಯುತ್ತಿದೆ ಎಂದರ್ಥ. ಸೇತುವೆ ಇದ್ದಿದ್ದರೆ ಎರಡನೆಯ ಅಳತೆ ಸೊನ್ನೆಯ ಹತ್ತಿರ ಇರುತ್ತಿತ್ತು. 5.5 ಮೆಗಾವ್ಯಾಟ್ ಹೊರೆಯಲ್ಲಿ ಮೂರು ಗಂಟೆ ಕಳೆದ ಮೇಲೆ ಮೂರನೆಯ ಪ್ಯಾಡ್ 64 ಡಿಗ್ರಿಯಲ್ಲಿ, ಏಳನೆಯದು 61ರಲ್ಲಿ ನಿಂತವು.

ಎರಡನೆಯ ಘಟಕಕ್ಕೂ ಅದೇ ಓವರ್‌ಹಾಲ್‌ನಲ್ಲಿ ಅದೇ ಬಗೆಯ ಆರ್‌ಟಿಡಿ ಹಾಕಿದ್ದರು. ಮಳೆ ಹಿಡಿಯುವ ಮೊದಲು ಸಿಕ್ಕ ಒಂದೇ ದಿನದಲ್ಲಿ ಅದನ್ನೂ ತೆರೆದೆವು. ಅಲ್ಲಿಯೂ ಮೆಗ್ಗರ್ ಸೊನ್ನೆ ತೋರಿಸಿತು. ಪ್ಯಾಡ್‌ಗಳ ಮೇಲೆ ಮಸುಕು ಆಗಷ್ಟೇ ಕವಿಯಲು ಶುರುವಾಗಿತ್ತು. ಆರ್‌ಟಿಡಿಗಳನ್ನು ಬದಲಿಸಿ, ಉಂಗುರದ ತಂತಿಯನ್ನು ಹೊರತಂದು, ಪ್ಯಾಡ್‌ಗಳನ್ನು ಹಗುರವಾಗಿ ಹೆರೆದು ಮುಚ್ಚಿದೆವು. ಅದರ ಡಿಸ್ಕನ್ನು ಮುಂದಿನ ಬೇಸಿಗೆಯಲ್ಲಿ ತೆಗೆಯಬೇಕು.

ಒಂದನೆಯ ಘಟಕ ಜೂನ್‌ನಿಂದ ಇಲ್ಲಿಯವರೆಗೆ 2,900 ಗಂಟೆ ಓಡಿದೆ. ಟರ್ಮಿನಲ್ಲಿನ ವೋಲ್ಟೇಜನ್ನು ಪ್ರತಿ ಸೋಮವಾರ ಪಾಳಿಯವರು ಬರೆಯುತ್ತಾರೆ, 3.6ಕ್ಕಿಂತ ಕೆಳಗೆ ಇಳಿದಿಲ್ಲ. ದೀಪಾವಳಿ ಕಳೆದ ವಾರ ನೀರು ಕಡಿಮೆಯಾಗಿದ್ದಾಗ ಘಟಕ ನಿಲ್ಲಿಸಿ, ಎರಡು ಸಲ ಎರೆಸಿದ್ದ ಆ ನಾಲ್ಕನೆಯ ಪ್ಯಾಡನ್ನು ಹೊರಗೆಳೆದು ನೋಡಿದೆವು. ಮೇಸ್ತ್ರಿಯವರ ಸ್ಕ್ರೇಪರಿನ ಗೀಟುಗಳು, ಎಡಕ್ಕೊಂದು ಸಾಲು ಬಲಕ್ಕೊಂದು ಸಾಲು, ಮೇ ತಿಂಗಳಲ್ಲಿ ಹೇಗಿದ್ದವೋ ಹಾಗೆಯೇ ಇದ್ದವು.